ಜರ್ಮನ್‌ಗೆ ಕನ್ನಡದ ಕಿವಿ

ನಮ್ಮ ರಸ್ತೆಗಳಲ್ಲಿ ಓಡಾಡುವ ಫೋಕ್ಸ್‌ವ್ಯಾಗನ್ ಕಾರನ್ನು ಅದರ ತವರಿನವರು ‘ಫೊಲ್ಕ್ಸ್‌ವಾಗೆನ್’ ಎನ್ನುತ್ತಾರೆ. ಹೆಸರನ್ನು ಕಣ್ಣಿಟ್ಟು ನೋಡಿ. ಮೊದಲ ಅಕ್ಷರ ವಿ, ಅದು ‘ಫ’ ಆಗಿದೆ. ನಡುವಿನ ಡಬ್ಲ್ಯೂ ‘ವ’ ಆಗಿದೆ. ಎಲ್ ಅಕ್ಷರ ಮಾಯವಾಗದೆ ತನ್ನ ಸದ್ದು ಉಳಿಸಿಕೊಂಡಿದೆ. ಒಳಗೆ ಎರಡು ಪದಗಳಿವೆ: ಫೊಲ್ಕ್ ಎಂದರೆ ಜನ, ವಾಗೆನ್ ಎಂದರೆ ಬಂಡಿ. ಎರಡರ ನಡುವೆ ಕೂತಿರುವ ಪುಟ್ಟ ‘ಸ್’ ನಮ್ಮ ‘ಜನರ ಬಂಡಿ’ಯ ‘ರ’ ಮಾಡುವ ಕೆಲಸವನ್ನೇ ಮಾಡುತ್ತಿದೆ. ಜರ್ಮನ್ ಉಚ್ಚಾರದ, ಪದರಚನೆಯ ಅರ್ಧ ಪಾಠ ಈ ಒಂದೇ ಹೆಸರಿನಲ್ಲಿದೆ.

ಓದಿಗೆ, ನರ್ಸಿಂಗ್ ಕೆಲಸಕ್ಕೆ, ಎಂಜಿನಿಯರಿಂಗ್ ಉದ್ಯೋಗಕ್ಕೆ ಜರ್ಮನಿಗೆ ಹೊರಟವರು ಇಂದು ಕರ್ನಾಟಕದ ಊರೂರಲ್ಲೂ ಸಿಗುತ್ತಾರೆ. ಬಹುತೇಕ ಎಲ್ಲರೂ ಕಲಿಯುವುದು ಇಂಗ್ಲಿಷ್ ಮೂಲಕ. ಪುಸ್ತಕ ಇಂಗ್ಲಿಷಿನದು, ವಿವರಣೆ ಇಂಗ್ಲಿಷಿನದು, ಹೋಲಿಕೆಯೂ ಇಂಗ್ಲಿಷಿನದೇ. ಇದರಿಂದ ಒಂದು ನಷ್ಟವಿದೆ. ಇಂಗ್ಲಿಷ್ ಮಾತೃಭಾಷೆಯವರಿಗೆ ಕಷ್ಟವಾಗುವ ಎಷ್ಟೋ ಸಂಗತಿ ನಮಗೆ ಕಷ್ಟವೇ ಅಲ್ಲ. ನಮಗೆ ನಿಜವಾಗಿ ತೊಡಕಾಗುವ ಜಾಗಗಳನ್ನು ಆ ಪುಸ್ತಕಗಳು ಎಚ್ಚರಿಸುವುದೂ ಇಲ್ಲ. ಆದ್ದರಿಂದ ಇಲ್ಲಿ ಜರ್ಮನ್ನನ್ನು ಕನ್ನಡದ ಕಿವಿಯಿಂದ ಕೇಳೋಣ, ಶಾಲೆಯಲ್ಲಿ ಕಲಿತ ಸಂಧಿ, ಸಮಾಸ, ಉಪಸರ್ಗಗಳನ್ನೇ ಕೈಗೆತ್ತಿಕೊಳ್ಳೋಣ.

ಬರವಣಿಗೆಯ ಬಗ್ಗೆ ಒಂದು ಮಾತು. ಈ ಲೇಖನದಲ್ಲಿ ‘ಫ’ ಎಂದು ಬರೆದಲ್ಲೆಲ್ಲ ಕಾಫಿಯ ಫ ಎಂದು ಓದಿಕೊಳ್ಳಿ. ‘ಜ಼’ ಎಂಬುದು ಝೂ ಎನ್ನುವಾಗಿನ ಝೇಂಕಾರದ ಸದ್ದು. ‘ಖ಼’ ಯಾವುದೆಂದು ಮುಂದೆ ಹೇಳುತ್ತೇನೆ.

ಬೆಳೆಗೂ ಬೇಳೆಗೂ ಇರುವ ವ್ಯತ್ಯಾಸ

ಜರ್ಮನ್ನಿನಲ್ಲಿ ಸುಮಾರು 16 ಸ್ವರಗಳಿವೆ. ಅವುಗಳಲ್ಲಿ ಬಹುಪಾಲು ಹ್ರಸ್ವ–ದೀರ್ಘ ಜೋಡಿಗಳು. ಶ್ಟಟ್ ಎಂದರೆ ಊರು, ಪಟ್ಟಣ. ಶ್ಟಾಟ್ ಎಂದರೆ ದೇಶ, ಪ್ರಭುತ್ವ. ಬೆಟ್ ಮಲಗುವ ಹಾಸಿಗೆ, ಬೇಟ್ ಹೂದೋಟದ ಪಾತಿ. ಒಫೆನ್ ಅಂದರೆ ತೆರೆದಿರುವ, ಓಫೆನ್ ಅಂದರೆ ಒಲೆ. ಎ–ಏ, ಒ–ಓ ಎರಡೂ ಬೇರೆ ಬೇರೆ ಅಕ್ಷರಗಳಾಗಿರುವ ಭಾಷೆ ನಮ್ಮದು. ಬೆಳೆ, ಬೇಳೆ ಬೇರೆ ಎಂದು ಮೂರು ವರ್ಷದ ಮಗುವಿಗೂ ಗೊತ್ತು. ಇಂಗ್ಲಿಷ್ ಮಾತೃಭಾಷೆಯವರು ವಾರಗಟ್ಟಲೆ ಕಿವಿ ತಿದ್ದಿಕೊಳ್ಳಬೇಕಾದ ಈ ಪಾಠ ನಮಗೆ ಹುಟ್ಟಿನಿಂದಲೇ ಬಂದಿದೆ.

ನಾವು ಎಡವುವುದು ಅದರ ಪಕ್ಕದಲ್ಲೇ. ಜರ್ಮನ್ ಬರವಣಿಗೆಯಲ್ಲಿ ಒಂದು ವ್ಯಂಜನ ಎರಡು ಸಲ ಬಂದರೆ ನಾವು ಅದನ್ನು ಒತ್ತಕ್ಷರದಂತೆ ಒತ್ತಿ ಹೇಳುತ್ತೇವೆ. ನಡು ಎಂಬ ಅರ್ಥದ ಪದವನ್ನು ‘ಮಿಟ್ಟೆ’ ಎನ್ನುತ್ತೇವೆ. ಸರಿಯಾದ ಉಚ್ಚಾರ ‘ಮಿಟೆ’. ಅಲ್ಲಿ ಎರಡು ಟೀ ಬರೆದಿರುವುದು ವ್ಯಂಜನವನ್ನು ಒತ್ತಲಿಕ್ಕಲ್ಲ, ಹಿಂದಿನ ಸ್ವರ ಹ್ರಸ್ವ ಎಂದು ತೋರಿಸಲಿಕ್ಕೆ. ಅದೇ ‘ಮೀಟೆ’ ಎಂದರೆ ಮನೆ ಬಾಡಿಗೆ. ನಮ್ಮ ನಿಘಂಟುಕಾರರನ್ನು ನಾವು ಪ್ರೀತಿಯಿಂದ ‘ಕಿಟ್ಟೆಲ್’ ಎಂದು ಕರೆಯುತ್ತ ಬಂದಿದ್ದೇವೆ. ಅವರ ಊರಿನವರ ಬಾಯಲ್ಲಿ ಅವರು ‘ಕಿಟೆಲ್’. ಆ ಒತ್ತು ಕನ್ನಡಿಗರ ಕಾಣಿಕೆ.

ಓದುವಾಗ ಸ್ವರದ ಉದ್ದವನ್ನು ಅಕ್ಷರಗಳೇ ಹೇಳಿಬಿಡುತ್ತವೆ. ಸ್ವರದ ಮುಂದೆ ಎಚ್ ಇದ್ದರೆ ದೀರ್ಘ. ಆ ಎಚ್‌ಗೆ ಸದ್ದಿಲ್ಲ. ಸ್ವರವೇ ಎರಡು ಸಲ ಬಂದರೆ ದೀರ್ಘ. ವ್ಯಂಜನ ಎರಡು ಸಲ ಬಂದರೆ ಹ್ರಸ್ವ. ಐ, ಇ ಅಕ್ಷರಗಳ ಜೋಡಿಯಲ್ಲಿ ಗೊಂದಲವಾಗುವವರಿಗೆ ಒಂದು ಉಪಾಯ: ಎರಡನೆಯ ಅಕ್ಷರದ ಇಂಗ್ಲಿಷ್ ಹೆಸರನ್ನೇ ಹೇಳಿ. ‘ಇ’ ಆದಮೇಲೆ ‘ಐ’ ಬಂದರೆ ‘ಆಯ್’, ‘ಐ’ ಆದಮೇಲೆ ‘ಇ’ ಬಂದರೆ ‘ಈ’. ವಾಯ್ನ್ ಎಂದರೆ ದ್ರಾಕ್ಷಾರಸ, ವೀನ್ ಎಂದರೆ ಆಸ್ಟ್ರಿಯಾದ ರಾಜಧಾನಿ ವಿಯೆನ್ನಾ.

ಬೀಟಾದಂತೆ ಕಾಣುವ ಒಂದು ಅಕ್ಷರವಿದೆ. ಅದು ಬ ಅಲ್ಲ, ಗಟ್ಟಿ ‘ಸ’. 1996ರಲ್ಲಿ ಒಪ್ಪಿಗೆಯಾದ ಕಾಗುಣಿತ ಸುಧಾರಣೆಯ ನಂತರ ಇದರ ನಿಯಮ ಸರಳವಾಗಿದೆ: ದೀರ್ಘಸ್ವರದ ಬಳಿಕ ಈ ಅಕ್ಷರ, ಹ್ರಸ್ವದ ಬಳಿಕ ಎರಡು ಎಸ್. ಸ್ವಿಟ್ಜರ್ಲೆಂಡಿನಲ್ಲಿ ಈ ಅಕ್ಷರವನ್ನು ಬಳಸುವುದೇ ಇಲ್ಲ, ಎಲ್ಲೆಡೆ ಎರಡು ಎಸ್.

ನಾಲಿಗೆ ಒಂದು ಕಡೆ, ತುಟಿ ಒಂದು ಕಡೆ

ತಲೆಯ ಮೇಲೆ ಎರಡು ಚುಕ್ಕೆ ಹೊತ್ತ ಸ್ವರಗಳಿಗೆ ಉಮ್ಲೌಟ್ ಎಂದು ಹೆಸರು. ಕವಿ ಗಯಟೆಯ ಹೆಸರನ್ನು ಕನ್ನಡದಲ್ಲಿ ಗೋಥೆ, ಗೊಯೆಥೆ ಎಂದೆಲ್ಲ ಬರೆಯುವುದು ಇದೇ ಕಾರಣಕ್ಕೆ: ಆ ಸ್ವರಕ್ಕೆ ನಮ್ಮಲ್ಲಿ ಅಕ್ಷರವಿಲ್ಲ. ಆದರೆ ಬಾಯಿಗೆ ಅದು ಹೊಸದಾದರೂ ಕಷ್ಟದ್ದಲ್ಲ. ಕನ್ನಡಿಯ ಮುಂದೆ ನಿಂತು ‘ಈ’ ಎನ್ನಿ. ನಾಲಿಗೆಯನ್ನು ಅಲುಗಿಸಬೇಡಿ. ಹಾಗೇ ಎಳೆಯುತ್ತ ತುಟಿಗಳನ್ನು ಮಾತ್ರ ‘ಊ’ ಎನ್ನುವಾಗಿನಂತೆ ಗುಂಡಗೆ ಮಾಡಿ. ಅದು ಚುಕ್ಕೆ ಹೊತ್ತ ಯೂ. ‘ಏ’ ಎನ್ನುತ್ತ ತುಟಿಯನ್ನು ‘ಓ’ ಮಾಡಿದರೆ ಚುಕ್ಕೆ ಹೊತ್ತ ಓ. ಈ ಲೇಖನದಲ್ಲಿ ಇವನ್ನು ‘ಮ್ಯು’, ‘ಶ್ಯೋ’ ಎಂಬಂತೆ ಯಕಾರ ಸೇರಿಸಿ ಬರೆದಿದ್ದೇನೆ. ಆ ಯಕಾರ ಕಣ್ಣಿಗಷ್ಟೇ, ಬಾಯಲ್ಲಿ ಬರಕೂಡದು.

ಶೋನ್ ಎಂದರೆ ಆಗಲೇ, ಶ್ಯೋನ್ ಎಂದರೆ ಸುಂದರ. ಮುಟರ್ ಒಬ್ಬ ತಾಯಿ, ಮ್ಯುಟರ್ ತಾಯಂದಿರು. ಅನೇಕ ಪದಗಳಲ್ಲಿ ಬಹುವಚನಕ್ಕೆ ಪ್ರತ್ಯಯವೇ ಇಲ್ಲ, ಸ್ವರದ ಬದಲಾವಣೆಯೇ ಬಹುವಚನ. ಹಾಗಾಗಿ ಚುಕ್ಕೆಯನ್ನು ಅಲಂಕಾರವೆಂದು ಬಿಟ್ಟರೆ ವ್ಯಾಕರಣವೇ ಬಿಟ್ಟುಹೋಗುತ್ತದೆ.

ಈ ಬದಲಾವಣೆ ಹುಟ್ಟಿದ ಕಥೆ ನಮ್ಮ ಮನೆಯ ಕಥೆಯಂತೆಯೇ ಇದೆ. ಹಳೆಯ ಜರ್ಮನ್ನಿನಲ್ಲಿ ಅತಿಥಿಗೆ ‘ಗಸ್ಟ್’, ಅತಿಥಿಗಳಿಗೆ ‘ಗೆಸ್ಟಿ’. ಕೊನೆಯಲ್ಲಿದ್ದ ಇಕಾರ ಹಿಂದಿನ ಅಕಾರವನ್ನು ತನ್ನ ಕಡೆಗೆ ಎಳೆದುಕೊಂಡಿತು. ತೆಲುಗಿನಲ್ಲಿ ಕಿವಿಗೆ ‘ಚೆವಿ’, ತಮಿಳಿನಲ್ಲಿ ‘ಸೆವಿ’. ಅವರ ಎಕಾರ ಉಳಿಯಿತು. ಕನ್ನಡದಲ್ಲಿ ಮುಂದಿನ ‘ವಿ’ಯ ಇಕಾರ ಹಿಂದಿನ ಎಕಾರವನ್ನು ಎಳೆದು ‘ಕಿವಿ’ ಮಾಡಿತು. ಎರಡು ಬೇರೆ ಕುಲದ ಭಾಷೆಗಳು ಒಂದೇ ದಾರಿ ಹಿಡಿದದ್ದನ್ನು ಕಂಡಾಗ ನನಗೆ ಈಗಲೂ ಬೆರಗಾಗುತ್ತದೆ.

ಮರೆತ ಅಕ್ಷರಗಳಿಗೆ ಕೆಲಸ

ವ್ಯಂಜನಗಳಲ್ಲಿ ಹೊಸದು ಕಡಿಮೆ. ಜೆ ಅಕ್ಷರ ‘ಯ’. ‘ಯಾ’ ಎಂದರೆ ಹೌದು. ಝಡ್ ಅಕ್ಷರ ಯಾವಾಗಲೂ ‘ತ್ಸ’. ಉತ್ಸವ, ಸಂವತ್ಸರ ಎನ್ನುವಾಗ ನಡುವೆ ಬರುವ ಸದ್ದನ್ನು ಪದದ ಮೊದಲಿಗೆ ತನ್ನಿ: ತ್ಸಾಯ್ಟ್, ಸಮಯ. ಸ್ವರಕ್ಕೆ ಮೊದಲು ಬರುವ ಎಸ್ ‘ಜ಼’ ಆಗುತ್ತದೆ: ಜ಼ೊನೆ, ಸೂರ್ಯ. ಆಸ್ಟ್ರಿಯಾ, ದಕ್ಷಿಣ ಜರ್ಮನಿಗಳಲ್ಲಿ ಇದನ್ನು ‘ಸ’ ಎಂದೇ ಹೇಳುವುದರಿಂದ ಇದು ಬಾರದಿದ್ದರೆ ಕೊರಗಬೇಡಿ. ರಕಾರದ ವಿಷಯವೂ ಹಾಗೆಯೇ. ಗಂಟಲಿನ ರ ಉತ್ತರದ ರೂಢಿ, ಬವೇರಿಯಾದಲ್ಲಿ ನಮ್ಮಂತೆ ನಾಲಿಗೆ ತುದಿಯ ರಕಾರ ಧಾರಾಳವಾಗಿ ಕೇಳುತ್ತದೆ. ಆದರೆ ಪದದ ಕೊನೆಯ ‘ಅರ್’ ಮಾತ್ರ ಬಹುತೇಕ ಎಲ್ಲರ ಬಾಯಲ್ಲೂ ಮೆತ್ತಗಾಗಿ ಹೆಚ್ಚುಕಡಿಮೆ ಅಕಾರವೇ ಆಗಿಬಿಡುತ್ತದೆ. ತಂದೆ ಎಂಬ ಅರ್ಥದ ‘ಫಾಟರ್’ ಕೇಳಿಸುವುದು ‘ಫಾಟ’ ಎಂದು. ಟ, ಡ ಎಂದು ನಾನಿಲ್ಲಿ ಬರೆದಿರುವುದೂ ನಮ್ಮ ನಾಲಿಗೆ ಮಡಿಸುವ ಟ, ಡ ಅಲ್ಲ. ತ ಮತ್ತು ಟ ನಡುವೆ, ಹಲ್ಲಿನ ಹಿಂದಿನ ದಿಬ್ಬಕ್ಕೆ ನಾಲಿಗೆ ತುದಿ ತಾಗಬೇಕು. ಬಾಯ ಮುಂದೆ ಕಾಗದದ ಚೂರು ಹಿಡಿದು ‘ಟಾಕ್’ ಎನ್ನಿ, ಕಾಗದ ಅಲುಗಬೇಕು.

‘ಸಿಎಚ್’ ಎಂದು ಬರೆಯುವ ಸದ್ದು ಎರಡು ಬಗೆಯದು. ಅ, ಒ, ಉ ಸ್ವರಗಳ ಬಳಿಕ ಅದು ಗಂಟಲ ಹತ್ತಿರ ಉಜ್ಜಿ ಬರುವ ಉಸಿರು: ಬೂಖ಼್, ಪುಸ್ತಕ. ಉರ್ದು ಮಾತಾಡುವವರ ‘ಖ಼ಬರ್’ ಕೇಳಿದ್ದರೆ ಇದು ಗೊತ್ತು. ವೇದಪಾಠ ಬಲ್ಲವರಿಗಂತೂ ಇದು ಹಳೆಯ ಪರಿಚಯ. ಕಕಾರದ ಹಿಂದೆ ವಿಸರ್ಗ ಬಂದಾಗ ನಾಲಿಗೆಯ ಬುಡದಲ್ಲಿ ಹುಟ್ಟುವ ಜಿಹ್ವಾಮೂಲೀಯ ಇದೇ. ಹಳೆಯ ಕನ್ನಡ ಬರವಣಿಗೆಯಲ್ಲಿ ಅದಕ್ಕೆ ‘ೱ’ ಎಂಬ ಅಕ್ಷರವೇ ಇತ್ತು. ಇ, ಎ ಮತ್ತು ಉಮ್ಲೌಟ್ ಸ್ವರಗಳ ಬಳಿಕ ಸಿಎಚ್ ಮುಂದಕ್ಕೆ ಸರಿದು ಅಂಗುಳಕ್ಕೆ ಬರುತ್ತದೆ. ‘ಯ್’ ಎನ್ನಿ, ಆಮೇಲೆ ಗಂಟಲ ಕಂಪನ ನಿಲ್ಲಿಸಿ ಬರೀ ಉಸಿರಲ್ಲಿ ಅದನ್ನೇ ಹೇಳಿ. ‘ನಾನು’ ಎಂಬುದಕ್ಕೆ ಜರ್ಮನ್ ಪದ ಈ ಸದ್ದಿನಿಂದ ಮುಗಿಯುತ್ತದೆ. ಇಲ್ಲಿ ಅದನ್ನು ‘ಇಹ್’ ಎಂದು ಬರೆಯುತ್ತೇನೆ. ‘ಇಶ್’ ಎನ್ನಬೇಡಿ, ‘ಇಕ್’ ಎನ್ನಬೇಡಿ. ಬೂಖ಼್ ಎಂಬ ಏಕವಚನ ಬ್ಯೂಹರ್ ಎಂಬ ಬಹುವಚನವಾದಾಗ ಸ್ವರ ಬಾಯಿಯ ಮುಂಭಾಗಕ್ಕೆ ಬಂತು, ಜೊತೆಗೆ ವ್ಯಂಜನವೂ ಬಂತು.

ವರ್ಣಮಾಲೆಯಲ್ಲಿ ಕಲಿತು ಮುಂದೆ ಎಲ್ಲಿಯೂ ಬಿಡಿಯಾಗಿ ಬರೆಯದ ನಮ್ಮ ‘ಙ’ ಜರ್ಮನ್ನಿನಲ್ಲಿ ದಿನವೂ ಬೇಕು. ಪತ್ರಿಕೆಗೆ ‘ತ್ಸಾಯ್ಟುಙ್’ ಎನ್ನುತ್ತಾರೆ, ಕೊನೆಯಲ್ಲಿ ಗಕಾರವಿಲ್ಲ. ಬೆರಳಿಗೆ ‘ಫಿಙರ್’, ಅಲ್ಲಿಯೂ ಗಕಾರವಿಲ್ಲ.

ಇಂಗ್ಲಿಷಿನ ಸಹಾಯ ನಿಜಕ್ಕೂ ಒದಗುವ ಒಂದು ಜಾಗವನ್ನು ಹೇಳದಿದ್ದರೆ ಅನ್ಯಾಯವಾದೀತು. ಎರಡೂ ಒಂದೇ ಕುಲದ ಭಾಷೆಗಳು. ನಡುಯುಗದ ಆರಂಭದಲ್ಲಿ ದಕ್ಷಿಣದ ಜರ್ಮನ್ ನುಡಿಗಳಲ್ಲಿ ಕೆಲವು ವ್ಯಂಜನಗಳು ಕ್ರಮಬದ್ಧವಾಗಿ ಸರಿದವು. ಆ್ಯಪಲ್ ಅಲ್ಲಿ ಅಪ್‌ಫೆಲ್ ಆಯಿತು, ಶಿಪ್ ಶಿಫ್ ಆಯಿತು, ಟೆನ್ ತ್ಸೇನ್ ಆಯಿತು, ವಾಟರ್ ವಸರ್ ಆಯಿತು, ಮೇಕ್ ಮಖ಼ೆನ್ ಆಯಿತು. ಹಳಗನ್ನಡದ ಪಾಲ್, ಪುಲಿ, ಪತ್ತು ನಮ್ಮ ಬಾಯಲ್ಲಿ ಹಾಲು, ಹುಲಿ, ಹತ್ತು ಆದದ್ದನ್ನು ನೆನೆಯಿರಿ. ಇಂಥ ಸರಿಯುವಿಕೆ ಒಂದೆರಡು ಪದಕ್ಕೆ ನಿಲ್ಲುವುದಿಲ್ಲ, ಸಾಲುಸಾಲಾಗಿ ನಡೆಯುತ್ತದೆ. ನಿಯಮ ಹಿಡಿದರೆ ಎಷ್ಟೋ ಪದಗಳು ತಾವೇ ಅರ್ಥ ಬಿಟ್ಟುಕೊಡುತ್ತವೆ.

ಸಂಧಿ ಮಾಡಬೇಡಿ

ಕನ್ನಡಿಗರ ಜರ್ಮನ್ ಮಾತಿನಲ್ಲಿ ನನಗೆ ಅತಿ ಹೆಚ್ಚು ಕೇಳಿಸುವ ದೋಷ ಉಮ್ಲೌಟಿನದಲ್ಲ, ಸಂಧಿಯದು. ಊರು ಮತ್ತು ಅಲ್ಲಿ ಸೇರಿದರೆ ಊರಲ್ಲಿ, ಮನೆ ಮತ್ತು ಅಲ್ಲಿ ಸೇರಿದರೆ ಮನೆಯಲ್ಲಿ. ಎರಡು ಪದ ತಾಗಿದರೆ ಸಾಕು, ನಮ್ಮ ಬಾಯಿ ಅವನ್ನು ಬೆಸೆದುಬಿಡುತ್ತದೆ. ಜರ್ಮನ್ ಬಾಯಿ ಬೆಸೆಯುವುದಿಲ್ಲ. ಸ್ವರದಿಂದ ಶುರುವಾಗುವ ಪದದ ಮೊದಲು ಗಂಟಲನ್ನು ಒಂದು ಕ್ಷಣ ಮುಚ್ಚಿ ತೆರೆಯುತ್ತದೆ. ಮಗು ಬೇಡದ್ದನ್ನು ಮುಟ್ಟಲು ಹೋದಾಗ ನಾವು ‘ಅ! ಅ!’ ಎಂದು ತಡೆಯುತ್ತೇವಲ್ಲ, ಆ ಎರಡು ಅಕಾರಗಳ ನಡುವಿನ ತಡೆಯೇ ಇದು. ಸಂಜೆಯ ನಮಸ್ಕಾರ ‘ಗೂಟೆನಾಬೆಂಡ್’ ಅಲ್ಲ. ‘ಗೂಟೆನ್’, ತಡೆ, ‘ಆಬೆಂಟ್’.

ಸಮಾಸಪದದ ಒಳಗೂ ಈ ತಡೆ ಉಳಿಯುತ್ತದೆ. ಶ್ಪೀಗೆಲ್ ಎಂದರೆ ಕನ್ನಡಿ, ಆಯ್ ಎಂದರೆ ಮೊಟ್ಟೆ. ಬಾಣಲೆಗೆ ಒಡೆದು ಹಾಕಿದ, ಹಳದಿ ಹೊಳೆಯುವ ಮೊಟ್ಟೆಗೆ ಶ್ಪೀಗೆಲ್-ಆಯ್. ಬೆಸೆದು ‘ಶ್ಪೀಗೆಲಾಯ್’ ಎಂದರೆ ಕೇಳುಗರಿಗೆ ಪದವೇ ಸಿಗುವುದಿಲ್ಲ. ಹೂಕುಂಡದ ಮಣ್ಣಿಗೆ ಬ್ಲೂಮೆನ್‌ಟೊಪ್ಫ್-ಏರ್ಡೆ ಎನ್ನುತ್ತಾರೆ. ತಪ್ಪು ಜಾಗದಲ್ಲಿ ಮುರಿದರೆ ಕೊನೆಯಲ್ಲಿ ಕುದುರೆಗಳು ಎಂಬ ಅರ್ಥದ ‘ಪ್ಫೇರ್ಡೆ’ ಹುಟ್ಟಿಕೊಳ್ಳುತ್ತದೆ. ಜರ್ಮನ್ ಮಕ್ಕಳು ಇದನ್ನು ಒಗಟಿನಂತೆ ಒಬ್ಬರಿಗೊಬ್ಬರು ಓದಿಸಿ ನಗುತ್ತಾರೆ.

ಇನ್ನೊಂದು ಸಂಗತಿ ಮನಸ್ಸಿನಲ್ಲಿ ಗಟ್ಟಿಯಾಗಿ ಕೂರಲಿ. ನಮ್ಮ ಆದೇಶ ಸಂಧಿಯಲ್ಲಿ ಉತ್ತರಪದದ ಮೊದಲ ಕ, ತ, ಪ ಮೆದುವಾಗಿ ಗ, ದ, ಬ ಆಗುತ್ತವೆ: ಮಳೆಗಾಲ, ಬೆಟ್ಟದಾವರೆ, ಕಂಬನಿ. ಜರ್ಮನ್ನಿನಲ್ಲಿ ನಡೆಯುವುದು ಇದರ ತಿರುವುಮುರುವು. ಪದದ ಅಥವಾ ಪದಭಾಗದ ಕೊನೆಯ ಗ, ಡ, ಬ ಗಟ್ಟಿಯಾಗಿ ಕ, ಟ, ಪ ಆಗುತ್ತವೆ. ದಿನಕ್ಕೆ ಟಾಕ್, ಬಹುವಚನದಲ್ಲಿ ಸ್ವರ ಬಂದ ಕೂಡಲೇ ಟಾಗೆ. ನಾಯಿ ಹುಂಟ್, ನಾಯಿಗಳು ಹುಂಡೆ. ಕೈಗೆ ಹಂಟ್, ಪಾದರಕ್ಷೆಗೆ ಶೂ, ಕೈಗವಸಿಗೆ ಹಂಟ್‌ಶೂ. ಬರೆಯುವಾಗ ಡಿ ಅಕ್ಷರ ಹಾಗೇ ಇರುತ್ತದೆ, ಹೇಳುವಾಗ ಗಟ್ಟಿಯಾಗುತ್ತದೆ.

ಕನ್ನಡದ ಪದಗಳು ಸ್ವರಾಂತ. ಬಸ್ಸು, ಕಾರು, ಬುಕ್ಕು ಎಂದು ಬಂದ ಪದಕ್ಕೆಲ್ಲ ಉಕಾರ ಹಚ್ಚಿ ಒಳಗೆ ಕರೆದುಕೊಳ್ಳುವುದು ನಮ್ಮ ಪದ್ಧತಿ. ಜರ್ಮನ್ ಮಾತಾಡುವಾಗ ಈ ಉಕಾರ ತಡೆಯಿರಿ. ಶರತ್ಕಾಲಕ್ಕೆ ‘ಹೆರ್ಪ್ಸ್ಟ್’, ಕಾಲುಚೀಲಕ್ಕೆ ‘ಶ್ಟ್ರುಂಪ್ಫ್’. ಕೊನೆಯಲ್ಲಿ ಬಾಯಿ ಮುಚ್ಚಬೇಕು. ಹಿಂದಿನಿಂದ ಮುಂದಕ್ಕೆ ಅಭ್ಯಾಸ ಮಾಡಿದರೆ ಸಲೀಸು: ಮೊದಲು ‘ಪ್ಫ್’, ಆಮೇಲೆ ‘ಉಂಪ್ಫ್’, ‘ರುಂಪ್ಫ್’, ಕೊನೆಗೆ ಇಡೀ ಪದ.

ಕೊನೆಯ ಪದವೇ ಯಜಮಾನ

ತತ್ಪುರುಷ ಸಮಾಸದಲ್ಲಿ ಉತ್ತರಪದದ ಅರ್ಥ ಮುಖ್ಯ ಎಂದು ಹೈಸ್ಕೂಲಿನಲ್ಲಿ ಓದಿದ್ದು ನೆನಪಿದೆಯೇ? ಜರ್ಮನ್ನಿನ ಉದ್ದುದ್ದ ಪದಗಳಿಗೆ ಅದೇ ಕೀಲಿಕೈ. ಮಳೆಗೆ ರೇಗೆನ್, ಕಾಲಕ್ಕೆ ತ್ಸಾಯ್ಟ್, ಮಳೆಗಾಲಕ್ಕೆ ರೇಗೆನ್‌ತ್ಸಾಯ್ಟ್. ಕೊನೆಯ ಪದ ಅರ್ಥದ ಜೊತೆಗೆ ಲಿಂಗವನ್ನೂ ಬಹುವಚನವನ್ನೂ ನಿರ್ಧರಿಸುತ್ತದೆ. ತ್ಸಾಯ್ಟ್ ಸ್ತ್ರೀಲಿಂಗವಾದ್ದರಿಂದ ಮಳೆಗಾಲವೂ ಸ್ತ್ರೀಲಿಂಗ.

1999ರಲ್ಲಿ ಮೆಕ್ಲೆನ್‌ಬುರ್ಗ್-ಫೋರ್‌ಪೊಮರ್ನ್ ರಾಜ್ಯದ ಶಾಸನಸಭೆಯ ಮುಂದೆ ಬಂದ ಒಂದು ಮಸೂದೆಯ ಹೆಸರಿನಲ್ಲಿ 63 ಅಕ್ಷರಗಳಿದ್ದವು, ಒಂದೇ ಪದ. 2013ರಲ್ಲಿ ಆ ಕಾನೂನು ರದ್ದಾಯಿತು. ಆ ಪದವನ್ನು ಬಿಡಿಸಿದರೆ ರಿಂಟ್‌ಫ್ಲಾಯ್ಶ್, ಎಟಿಕೆಟೀರುಙ್ಸ್, ಯೂಬರ್‌ವಖ಼ುಙ್ಸ್, ಔಫ್‌ಗಾಬೆನ್, ಯೂಬರ್‌ಟ್ರಾಗುಙ್ಸ್, ಗೆಜ಼ೆಟ್ಸ್. ಕನ್ನಡದಲ್ಲಿ: ದನದ ಮಾಂಸ, ಚೀಟಿ ಹಚ್ಚುವಿಕೆಯ, ಮೇಲ್ವಿಚಾರಣೆಯ, ಕೆಲಸಗಳ, ವರ್ಗಾವಣೆಯ, ಕಾನೂನು. ಇಂಗ್ಲಿಷಿಗೆ ತರುವಾಗ ಈ ಸರಪಳಿಯನ್ನು ಸಾಮಾನ್ಯವಾಗಿ ಕೊನೆಯಿಂದ ಬಿಚ್ಚುತ್ತಾ ಬರಬೇಕು. ಕನ್ನಡದಲ್ಲಿ ಒಂದು ತುಂಡನ್ನೂ ಜಾಗ ಬದಲಿಸಬೇಕಾಗಿಲ್ಲ, ಷಷ್ಠಿ ವಿಭಕ್ತಿಗಳನ್ನು ತುಂಬುತ್ತ ಹೋದರಾಯಿತು.

ತುಂಡುಗಳ ನಡುವೆ ಬರುವ ಸ್, ಎನ್, ಎನ್ನೆಸ್ ಮುಂತಾದ ಅಂಟುಗಳಿಗೆ ಪೂರ್ತಿ ನಿಯಮವಿಲ್ಲ. ಒಂದನ್ನು ಮಾತ್ರ ಕಣ್ಣುಮುಚ್ಚಿ ನಂಬಬಹುದು: ಉಙ್, ಹಾಯ್ಟ್, ಕಾಯ್ಟ್, ಶಫ್ಟ್ ಎಂಬ ಪ್ರತ್ಯಯಗಳಿಂದ ಮುಗಿಯುವ ಪದದ ಮುಂದೆ ಇನ್ನೊಂದು ಪದ ಬಂದರೆ ನಡುವೆ ‘ಸ್’ ಬಂದೇ ಬರುತ್ತದೆ. ಈ ನಾಲ್ಕು ಪ್ರತ್ಯಯಗಳ ಭಾವನಾಮಗಳು ಸ್ತ್ರೀಲಿಂಗ ಎಂಬುದೂ ಜೊತೆಗೇ ನೆನಪಿರಲಿ. ಹಾಗೆಯೇ ಕಿರಿದು ಎಂದು ಸೂಚಿಸುವ ‘ಹೆನ್’ ಹಚ್ಚಿದ ಪದವೆಲ್ಲ ನಪುಂಸಕ. ಹುಡುಗಿ ಎಂಬ ‘ಮೇಟ್‌ಹೆನ್’ ನಪುಂಸಕಲಿಂಗವಾಗಿರುವುದು ಇದೇ ಕಾರಣಕ್ಕೆ. ನಮ್ಮಲ್ಲಿ ಲಿಂಗ ಅರ್ಥವನ್ನು ನೋಡಿ ಬರುತ್ತದೆ, ಅಲ್ಲಿ ಪದದ ಬಾಲ ನೋಡಿ ಬರುತ್ತದೆ. ಬಾಲದಿಂದಲೂ ತಿಳಿಯದ ಪದಗಳೇ ಬಹಳ: ಊಟದ ಮೇಜಿನ ಮೇಲೆ ಚಮಚ ಪುಲ್ಲಿಂಗ, ಫೋರ್ಕ್ ಸ್ತ್ರೀಲಿಂಗ, ಚಾಕು ನಪುಂಸಕ. ಅವನ್ನು ಪದದ ಜೊತೆಗೇ ಬಾಯಿಪಾಠ ಮಾಡಬೇಕು.

ಸಮಾಸದಲ್ಲಿ ಸಂಸ್ಕೃತ–ಕನ್ನಡ ಬೆರೆಸಿದರೆ ಅರಿಸಮಾಸ ಎಂದು ನಮ್ಮ ವೈಯಾಕರಣರು ಹುಬ್ಬು ಗಂಟಿಕ್ಕುತ್ತಾರೆ. ಜರ್ಮನ್ನಿಗೆ ಆ ಮಡಿಯಿಲ್ಲ. ಎರವಲು ಪದಕ್ಕೂ ಮನೆಮಾತಿಗೂ ಸಲೀಸಾಗಿ ಸಂಬಂಧ ಬೆಳೆಸುತ್ತದೆ. ಅಂದ ಹಾಗೆ, ಸಂಧಿ ಸಮಾಸಗಳ ಈ ಶಾಸ್ತ್ರ ಹೇಳಿದ ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನು 1872ರಲ್ಲಿ ಮಂಗಳೂರಿನಲ್ಲಿ ಸಂಪಾದಿಸಿ ಪ್ರಕಟಿಸಿದವರು ಜರ್ಮನಿಯ ಅದೇ ಫರ್ಡಿನಾಂಡ್ ಕಿಟೆಲ್. ಅವರ ಕನ್ನಡ–ಇಂಗ್ಲಿಷ್ ನಿಘಂಟು ಬಂದದ್ದು 22 ವರ್ಷಗಳ ಬಳಿಕ, 1894ರಲ್ಲಿ.

ಆಹಾರ, ವಿಹಾರ, ಸಂಹಾರ

ಒಂದೇ ಧಾತುವಿಗೆ ಬೇರೆ ಬೇರೆ ಉಪಸರ್ಗ ಸೇರಿದರೆ ಅರ್ಥ ಎಲ್ಲೆಲ್ಲಿಗೋ ಹೋಗುತ್ತದೆ ಎಂಬುದು ನಮಗೆ ಗೊತ್ತು. ಶ್ಟೇಎನ್ ಎಂದರೆ ನಿಲ್ಲು. ಫೆರ್‌ಶ್ಟೇಎನ್ ಎಂದರೆ ಅರ್ಥಮಾಡಿಕೊಳ್ಳು, ಎಂಟ್‌ಶ್ಟೇಎನ್ ಎಂದರೆ ಹುಟ್ಟು, ಗೆಶ್ಟೇಎನ್ ಎಂದರೆ ತಪ್ಪೊಪ್ಪಿಕೊಳ್ಳು, ಬೆಶ್ಟೇಎನ್ ಎಂದರೆ ಪರೀಕ್ಷೆ ಪಾಸಾಗು, ಔಫ್‌ಶ್ಟೇಎನ್ ಎಂದರೆ ಎದ್ದೇಳು. ಇವುಗಳಲ್ಲಿ ಮೊದಲ ನಾಲ್ಕರ ಉಪಸರ್ಗ ಧಾತುವಿಗೆ ಅಂಟಿಕೊಂಡೇ ಇರುತ್ತದೆ. ಔಫ್ ಮಾತ್ರ ವಾಕ್ಯದಲ್ಲಿ ಬಿಟ್ಟು ಕೊನೆಗೆ ಹೋಗುತ್ತದೆ: ‘ಇಹ್ ಶ್ಟೇಎ ಉಮ್ ಜ಼ೆಕ್ಸ್ ಊರ್ ಔಫ್’, ನಾನು ಆರು ಗಂಟೆಗೆ ಏಳುತ್ತೇನೆ. ವೇದಕಾಲದ ಸಂಸ್ಕೃತದಲ್ಲಿಯೂ ಉಪಸರ್ಗ ಕ್ರಿಯಾಪದದಿಂದ ದೂರ ನಿಲ್ಲುತ್ತಿತ್ತು.

ಯಾವುದು ಬಿಡುತ್ತದೆ, ಯಾವುದು ಬಿಡುವುದಿಲ್ಲ ಎಂದು ಕಿವಿ ಹೇಳುತ್ತದೆ. ಒತ್ತು ಉಪಸರ್ಗದ ಮೇಲೆ ಬಿದ್ದರೆ ಬಿಡುತ್ತದೆ, ಧಾತುವಿನ ಮೇಲೆ ಬಿದ್ದರೆ ಬಿಡುವುದಿಲ್ಲ. ‘ಉಮ್‌ಫಾರೆನ್’ ಪದದಲ್ಲಿ ‘ಉಮ್’ ಒತ್ತಿದರೆ ವಾಹನ ಗುದ್ದಿ ಬೀಳಿಸು ಎಂದರ್ಥ, ‘ಫಾ’ ಒತ್ತಿದರೆ ಬಳಸಿಕೊಂಡು ಹೋಗು ಎಂದರ್ಥ. ನಾವು ಎಲ್ಲ ಅಕ್ಷರಗಳಿಗೂ ಸಮನಾದ ತೂಕ ಕೊಟ್ಟು ಮಾತಾಡುವವರು, ಆದ್ದರಿಂದ ಇಲ್ಲಿ ಹೆಚ್ಚು ಶ್ರಮ ಬೇಕು. ಪದ ಕಲಿತಾಗಲೆಲ್ಲ ಒತ್ತು ಬೀಳುವ ಕಡೆ ಮೇಜು ತಟ್ಟಿ ಹೇಳಿ.

ಸಂಖ್ಯೆಗಳಿಗೂ ಸಂಸ್ಕೃತವೇ ದಾರಿ. ಇಪ್ಪತ್ತೊಂದನ್ನು ಜರ್ಮನ್ನರು ‘ಒಂದು-ಮತ್ತು-ಇಪ್ಪತ್ತು’ ಎನ್ನುತ್ತಾರೆ. ಏಕವಿಂಶತಿ, ಪಂಚವಿಂಶತಿ ಎಂದು ಯೋಚಿಸಿದರೆ ರೈಲು ನಿಲ್ದಾಣದ ಪ್ರಕಟಣೆ ಕೇಳುವಾಗ ತಬ್ಬಿಬ್ಬಾಗುವುದಿಲ್ಲ.

ಈಗ ಅಭ್ಯಾಸ. ಡೂಡೆನ್ ನಿಘಂಟು ಅಂತರ್ಜಾಲದಲ್ಲಿ ಉಚಿತವಾಗಿದೆ. ಒತ್ತು ಬೀಳುವ ಸ್ವರ ಹ್ರಸ್ವವಾದರೆ ಅದರ ಕೆಳಗೆ ಚುಕ್ಕೆ, ದೀರ್ಘವಾದರೆ ಗೆರೆ ಹಾಕಿರುತ್ತಾರೆ. ಬಹಳಷ್ಟು ಪದಗಳಿಗೆ ಧ್ವನಿಯೂ ಇದೆ. ಡಾಯ್ಚೆ ವೆಲೆ ಪ್ರಸಾರ ಸಂಸ್ಥೆ ಕಲಿಯುವವರಿಗಾಗಿ ನಿಧಾನವಾಗಿ ಓದಿದ ಸುದ್ದಿಯನ್ನು ಕೊಡುತ್ತದೆ, ಪಠ್ಯವೂ ಜೊತೆಗಿರುತ್ತದೆ. ದಿನಕ್ಕೆ ಒಂದೇ ಸುದ್ದಿ ಸಾಕು: ಕೇಳಿ, ಜೊತೆಜೊತೆಗೆ ಹೇಳಿ, ಫೋನಿನಲ್ಲಿ ನಿಮ್ಮ ದನಿ ಮುದ್ರಿಸಿ ಹೋಲಿಸಿ. ಪದಗಳಿಗೆ ಒಂದು ನೋಟ್‌ಬುಕ್ ಇಡಿ. ಪ್ರತಿ ಸಾಲಿನಲ್ಲಿ ಲಿಂಗ ಹೇಳುವ ಡೇರ್, ಡೀ ಅಥವಾ ಡಸ್, ಪದ, ಬಹುವಚನ. ಮೊದಲ ಸಾಲು ಡೇರ್ ಟಾಕ್, ಟಾಗೆ. ಎರಡನೆಯ ಸಾಲು ಡೀ ತ್ಸಾಯ್ಟುಙ್, ತ್ಸಾಯ್ಟುಙೆನ್. ಮೂರನೆಯ ಸಾಲಿಗೆ ಅವೆರಡನ್ನೂ ‘ಎಸ್’ ಅಂಟಿನಿಂದ ಕೂಡಿಸಿ, ಯಜಮಾನ ಯಾರೆಂದು ನೋಡಿ ಲಿಂಗ ಹಾಕಿ: ಡೀ ಟಾಗೆಸ್‌ತ್ಸಾಯ್ಟುಙ್, ದಿನಪತ್ರಿಕೆ.